ಪೂವಮ್ಮನವರ ಓಟ: ಪದಕದ ಆಚೆಗೆ ನಮ್ಮ ಮನೆಗಳಿಗೊಂದು ಪಾಠ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 4×400 ಮೀಟರ್ ರಿಲೇ ಓಟವನ್ನು ಭಾರತದ ತಂಡ 3 ನಿಮಿಷ 32.51 ಸೆಕೆಂಡಿನಲ್ಲಿ ಮುಗಿಸಿ, ತನ್ನ ಗುಂಪಿನಲ್ಲಿ ಕೊನೆಯ ಸ್ಥಾನ ಪಡೆಯಿತು. ಪದಕ ಬಾರದ ಓಟವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಆದರೆ ಆ ನಾಲ್ವರಲ್ಲಿ ಒಬ್ಬರು ಕೊಡಗಿನ ಮನೆತನದಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದ ಎಂ.ಆರ್. ಪೂವಮ್ಮ. ಆಗ ಅವರ ವಯಸ್ಸು 34. ಅದಕ್ಕೆ ಎರಡು ವರ್ಷ ಮೊದಲಷ್ಟೇ ಅವರಿಗೆ ಎರಡು ವರ್ಷದ ನಿಷೇಧದ ಶಿಕ್ಷೆ ಆಗಿತ್ತು. ಅವರು ಚಿನ್ನ ಗೆದ್ದ ದಿನಗಳಿಗಿಂತ ಈ ಕೊನೆಯ ಸ್ಥಾನದ ಓಟದ ಹಿಂದೆಯೇ ನಮ್ಮ ಮನೆಗಳಿಗೆ ಹೆಚ್ಚಿನ ಪಾಠ ಉಂಟು ಅಂತ ನಮಗೆ ಅನಿಸುತ್ತದೆ.

ನಾವೀಗ ಇರುವುದು ಕರಾವಳಿಯಿಂದ ದೂರ, ಶಿರಾ ತಾಲೂಕಿನ ಬರಗೂರಿನಲ್ಲಿ. ಇಲ್ಲಿಯೂ ನಮ್ಮ ಊರಿನ ಹಾಗೆಯೇ ಶಾಲೆಯ ಮೈದಾನಕ್ಕೆ ಸುಣ್ಣದ ಗೆರೆ ಎಳೆದು ಮಕ್ಕಳನ್ನು ಓಡಿಸುತ್ತಾರೆ. ಬೆಳಿಗ್ಗೆ ಮದ್ರಸ ಮುಗಿಸಿ ಶಾಲೆಗೆ ಹೋಗುವ ಹೆಣ್ಣುಮಕ್ಕಳಲ್ಲಿ ಗಾಳಿಯ ಹಾಗೆ ಓಡುವವರು ಎಲ್ಲ ಕಡೆಯೂ ಇದ್ದಾರೆ. ತಾಲೂಕು ಮಟ್ಟದಲ್ಲಿ ಗೆದ್ದು ಬಂದರೆ ಉಮ್ಮನಿಗೂ ಉಪ್ಪನಿಗೂ ಖುಷಿ. ಜಿಲ್ಲಾ ಮಟ್ಟ, ಕ್ರೀಡಾ ಹಾಸ್ಟೆಲ್ ಅಂತ ಮಾತು ಬಂದಾಗ ಯೋಚನೆ ಶುರುವಾಗುತ್ತದೆ. ಹಾಗೆ ಯೋಚಿಸುವ ಮನೆಗಳಿಗಾಗಿ ಪೂವಮ್ಮನವರ ಹದಿನಾರು ವರ್ಷದ ದಾರಿಯನ್ನು ಸ್ವಲ್ಪ ನೋಡೋಣ.

ಅವರು ಹುಟ್ಟಿದ್ದು 1990ರ ಜೂನ್ 5ರಂದು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ರಿಲೇ ತಂಡದಲ್ಲಿ 18ರ ಹುಡುಗಿಗೆ ಕಾಯ್ದಿರಿಸಿದ ಆಟಗಾರ್ತಿಯಾಗಿ ಜಾಗ ಸಿಕ್ಕಿತು. ಅಷ್ಟು ದೂರ ಹೋಗಿ ಓಡಲು ಮಾತ್ರ ಅವಕಾಶ ಆಗಲಿಲ್ಲ. ಒಲಿಂಪಿಕ್ಸ್‌ನಲ್ಲಿ ಅವರು ಓಡಿದ್ದು ಎಂಟು ವರ್ಷ ಕಾದ ಮೇಲೆ, 2016ರಲ್ಲಿ, ರಿಯೋದಲ್ಲಿ. ಈ ನಡುವೆ 2013ರ ಪುಣೆಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 400 ಮೀಟರ್ ಬೆಳ್ಳಿ ಬಂತು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ 52.36 ಸೆಕೆಂಡಿನ ಓಟಕ್ಕೆ ಕಂಚು. ಅಲ್ಲೇ ರಿಲೇಯಲ್ಲಿ ಪ್ರಿಯಾಂಕಾ, ಟಿಂಟು ಲೂಕಾ, ಮನ್‌ದೀಪ್ ಕೌರ್ ಜೊತೆ 3 ನಿಮಿಷ 28.68 ಸೆಕೆಂಡಿನ ಕೂಟ ದಾಖಲೆಯೊಂದಿಗೆ ಚಿನ್ನ. 2015ರಲ್ಲಿ ಅರ್ಜುನ ಪ್ರಶಸ್ತಿ. 2018ರಲ್ಲಿ ಜಕಾರ್ತದಲ್ಲಿ ಹಿಮಾ ದಾಸ್, ಸರಿತಾಬೆನ್, ವಿಸ್ಮಯಾ ಜೊತೆ ಮತ್ತೆ ಚಿನ್ನ. 2019ರಲ್ಲಿ, ನಮ್ಮವರು ಬಹಳ ಮಂದಿ ದುಡಿಯುವ ದೋಹಾದಲ್ಲೇ, ಏಷ್ಯನ್ ಚಾಂಪಿಯನ್‌ಷಿಪ್‌ನ 400 ಮೀಟರ್ ಕಂಚು.

ಮೈದಾನದ ಒಂದು ಪೂರ್ತಿ ಸುತ್ತು ಅಂದರೆ 400 ಮೀಟರ್. ನೂರು ಮೀಟರಿನ ಹಾಗೆ ಒಂದೇ ಉಸಿರಿನಲ್ಲಿ ಮುಗಿಯುವುದಿಲ್ಲ, ದೂರದ ಓಟದ ಹಾಗೆ ನಿಧಾನವಾಗಿ ಓಡಲಿಕ್ಕೂ ಆಗುವುದಿಲ್ಲ. ಮುನ್ನೂರು ಮೀಟರ್ ದಾಟುವಾಗ ಕಾಲು ಕಲ್ಲಾಗುತ್ತದೆ. ಆ ಕೊನೆಯ ನೂರು ಮೀಟರನ್ನು ತಾಳಿಕೊಳ್ಳಲಿಕ್ಕಾಗಿಯೇ ವರ್ಷಗಟ್ಟಲೆ ತಯಾರಿ ಬೇಕು. ರಿಲೇಯಲ್ಲಂತೂ ನಮ್ಮ ಸುತ್ತು ಮುಗಿದ ಮೇಲೆ ಕೋಲನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಒಬ್ಬರ ತಪ್ಪಿನ ಬೆಲೆಯನ್ನು ನಾಲ್ವರೂ ತೆರಬೇಕು.

ಇದು ಎಷ್ಟು ನಿಜ ಅನ್ನುವುದಕ್ಕೆ ಜಕಾರ್ತದ ಮಿಶ್ರ ರಿಲೇಯೇ ಸಾಕ್ಷಿ. ಮುಹಮ್ಮದ್ ಅನಸ್, ಪೂವಮ್ಮ, ಹಿಮಾ ದಾಸ್, ಆರೋಕ್ಯ ರಾಜೀವ್ ಅಲ್ಲಿ ಬಹರೈನ್‌ನ ಹಿಂದೆ ಎರಡನೆಯವರಾಗಿ ಬೆಳ್ಳಿ ಪಡೆದರು. ನಂತರ ಬಹರೈನ್ ತಂಡದ ಕೆಮಿ ಅಡೆಕೋಯಾ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅವರೊಬ್ಬರಿಂದಾಗಿ ಇಡೀ ತಂಡದ ಪದಕ ಹೋಯಿತು. ನಮ್ಮವರ ಬೆಳ್ಳಿ 2020ರಲ್ಲಿ ಚಿನ್ನವಾಯಿತು.

ಅದರ ಮರುವರ್ಷವೇ ಪೂವಮ್ಮನವರ ಸರದಿ ಬಂತು. 2021ರ ಫೆಬ್ರವರಿಯಲ್ಲಿ ಪಟಿಯಾಲದ ಕೂಟದಲ್ಲಿ ತೆಗೆದ ಅವರ ಮಾದರಿಯಲ್ಲಿ ಮೀಥೈಲ್‌ಹೆಕ್ಸೇನಮೈನ್ ಎಂಬ ವಸ್ತು ಕಂಡಿತು. ಒಂದು ಕಾಲದಲ್ಲಿ ಮೂಗು ಕಟ್ಟಿದ್ದಕ್ಕೆ ಔಷಧಿಯಾಗಿದ್ದ ಈ ಉತ್ತೇಜಕ, ಆಮೇಲೆ ಶಕ್ತಿ ಬರುತ್ತದೆ ಅಂತ ಮಾರುವ ಪುಡಿ, ಮಾತ್ರೆಗಳಲ್ಲಿ ಸೇರಿಕೊಂಡಿತು. ಮೊದಲ ವಿಚಾರಣೆಯಲ್ಲಿ ಅವರಿಗೆ ಮೂರು ತಿಂಗಳ ನಿಷೇಧ ಆಯಿತು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ನಾಡಾ, ಮೇಲ್ಮನವಿ ಹಾಕಿತು. 2022ರಲ್ಲಿ ಶಿಕ್ಷೆ ಎರಡು ವರ್ಷಕ್ಕೆ ಏರಿತು.

ಕರಾವಳಿಗೆ ಈ ನೋವು ಹೊಸದಲ್ಲ. ಕುಂದಾಪುರ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲಿ ರಿಲೇ ಚಿನ್ನ ಗೆದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ತಂದರು. ಮರುವರ್ಷವೇ ಅವರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರ ಕಡೆಯಿಂದ ಬಂದ ಜಿನ್ಸೆಂಗ್ ಮಾತ್ರೆಯಿಂದ ಹೀಗಾಯಿತು ಅನ್ನುವುದು ಅವರ ವಾದ. ಇಲ್ಲಿಯೂ ಮೊದಲು ಒಂದು ವರ್ಷ ಇದ್ದ ಶಿಕ್ಷೆ 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯಲ್ಲಿ ಎರಡು ವರ್ಷವಾಯಿತು.

ಯಾಕೆ ಹೀಗೆ? ನಿಯಮ ಸರಳ, ಆದರೆ ಬಹಳ ಗಟ್ಟಿ. ಓಟಗಾರರ ದೇಹದೊಳಗೆ ಏನು ಸಿಕ್ಕಿತೋ ಅದಕ್ಕೆ ಅವರೇ ಹೊಣೆ. ಕೋಚ್ ಕೊಟ್ಟದ್ದು, ಡಾಕ್ಟರು ಬರೆದದ್ದು, ಗೆಳತಿ ಕೊಟ್ಟದ್ದು ಅಂತ ಹೇಳಿದರೆ ಕೆಲವೊಮ್ಮೆ ಶಿಕ್ಷೆ ಸ್ವಲ್ಪ ಇಳಿಯಬಹುದು, ಆದರೆ ಹೊಣೆ ತಪ್ಪುವುದಿಲ್ಲ. ಹದಿನೇಳು ವರ್ಷದ ಹುಡುಗಿಗೂ ಒಲಿಂಪಿಕ್ಸ್ ಓಟಗಾರ್ತಿಗೂ ನಿಷೇಧಿತ ವಸ್ತುಗಳ ಪಟ್ಟಿ ಒಂದೇ. ಆ ಪಟ್ಟಿ ಪ್ರತಿ ವರ್ಷ ಜನವರಿಯಲ್ಲಿ ಹೊಸದಾಗುತ್ತದೆ.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಓಟದ ಮಾತು ಬಂದರೆ ಮೊದಲು ಬರುವ ಪ್ರಶ್ನೆ ಉಡುಪಿನದ್ದು. ಅದಕ್ಕೆ ಬಹರೈನ್‌ನ ರುಖಯ್ಯಾ ಅಲ್ ಗಸ್ರಾ ಯಾವಾಗಲೋ ಉತ್ತರ ಕೊಟ್ಟಿದ್ದಾರೆ. ತಲೆ, ತೋಳು, ಕಾಲು ಮುಚ್ಚಿದ ಉಡುಪಿನಲ್ಲೇ ಅವರು 2006ರ ದೋಹಾ ಏಷ್ಯನ್ ಗೇಮ್ಸ್‌ನ 200 ಮೀಟರ್ ಚಿನ್ನ ಗೆದ್ದರು. 2008ರ ಒಲಿಂಪಿಕ್ಸ್‌ನಲ್ಲಿ ತಮ್ಮ ದೇಶದ ಬಾವುಟ ಹಿಡಿದು ನಡೆದರು. ಹಾಗಾಗಿ ಬಟ್ಟೆಯ ಬಗ್ಗೆ ಕೇಳುವಷ್ಟೇ ಗಟ್ಟಿಯಾಗಿ ಇನ್ನೊಂದನ್ನು ಕೇಳಬೇಕು: ನಮ್ಮ ಮಗಳು ಅಲ್ಲಿ ಏನು ತಿನ್ನುತ್ತಾಳೆ, ಅದನ್ನು ಕೊಡುವವರು ಯಾರು?

ಪೊಟ್ಟಣದ ಹಿಂದೆ ಜೆಲಾಟಿನ್ ಇದೆಯಾ, ಹಲಾಲ್ ಗುರುತು ಇದೆಯಾ ಅಂತ ಹುಡುಕಿ ನೋಡುವ ನಮ್ಮ ಉಮ್ಮಂದಿರಿಗೆ ಇದು ಹೊಸ ಕೆಲಸ ಏನಲ್ಲ. ಅದೇ ಕಣ್ಣು ಇಲ್ಲಿಯೂ ಬೇಕು. ಜಿಮ್ಮಿನವರು, ಗೆಳೆಯರು ಕೊಡುವ ಪುಡಿ ಮನೆಯೊಳಗೆ ಬರಬಾರದು. ನೆಗಡಿ, ಕೆಮ್ಮು, ಉಬ್ಬಸ ಅಂತ ಹೋದಾಗಲೂ ಮಗು ಕೂಟಗಳಲ್ಲಿ ಓಡುತ್ತದೆ ಅಂತ ಡಾಕ್ಟರಿಗೆ ಮೊದಲೇ ಹೇಳಬೇಕು. ಚೀಟಿ, ಬಿಲ್ಲು ಎತ್ತಿಡಬೇಕು. ಕಾಯಿಲೆಗೆ ಪಟ್ಟಿಯಲ್ಲಿರುವ ಔಷಧಿಯೇ ಬೇಕಾದರೆ ಅನುಮತಿ ಕೇಳುವ ದಾರಿಯೂ ಉಂಟು. ಕೇಳದೆ ತೆಗೆದುಕೊಂಡರೆ ಕಷ್ಟ. ಗಂಡುಮಕ್ಕಳಿಗೂ ಇದೇ ಮಾತು. ಅಂಗಡಿಯ ದೊಡ್ಡ ಡಬ್ಬಿಗಳನ್ನು ಹೊತ್ತು ತರುವವರು ಹೆಚ್ಚಾಗಿ ಅವರೇ.

ಇಲ್ಲಿಗೆ ಪೂವಮ್ಮನವರ ಕಥೆ ನಿಲ್ಲಲಿಲ್ಲ. ಮೂವತ್ತು ದಾಟಿದ ಮೇಲೆ ಬಂದ ನಿಷೇಧ 400 ಮೀಟರ್ ಓಟಗಾರ್ತಿಗೆ ಬಾಗಿಲು ಮುಚ್ಚಿದ ಹಾಗೆಯೇ. ಅವರು ಶಿಕ್ಷೆ ಮುಗಿಸಿ ಮತ್ತೆ ಮೈದಾನಕ್ಕೆ ಇಳಿದರು. ತನಗಿಂತ ಎಷ್ಟೋ ಕಿರಿಯರ ಜೊತೆ ಓಡಿ ತಂಡದಲ್ಲಿ ಜಾಗ ಗಳಿಸಿದರು. 2024ರ ಮೇ ತಿಂಗಳಲ್ಲಿ ಬಹಾಮಾಸ್‌ನ ವಿಶ್ವ ರಿಲೇ ಕೂಟದಲ್ಲಿ ರೂಪಲ್, ಜ್ಯೋತಿಕಾ ಶ್ರೀ, ಶುಭಾ ಅವರೊಂದಿಗೆ 3 ನಿಮಿಷ 29.35 ಸೆಕೆಂಡಿನಲ್ಲಿ ಓಡಿ ಪ್ಯಾರಿಸ್‌ಗೆ ಅರ್ಹತೆ ತಂದರು.

ತಪ್ಪಿಗೆ ಶಿಕ್ಷೆ ಉಂಟು, ಶಿಕ್ಷೆ ಮುಗಿದವರಿಗೆ ಮರಳಿ ಬರುವ ದಾರಿಯೂ ಉಂಟು. ಮಕ್ಕಳಿಗೆ ಈ ಎರಡನ್ನೂ ಹೇಳಿಕೊಡಬೇಕು. ಹುಷಾರಾಗಿರು ಅಂತ ಮೊದಲು ಹೇಳೋಣ. ಹೇಳಿದ ಮೇಲೂ ಎಡವಿದರೆ, ಮನೆಯ ಬಾಗಿಲು ಮುಚ್ಚದಿರೋಣ.