ಚಾಟ್‌ಬಾಟ್ ಎಂಬ ಉತ್ತರ ಹೇಳುವ ಯಂತ್ರವೂ ಅದಕ್ಕೆ ತೆರುವ ಹಣವೂ

ಅಮೆರಿಕಾ ದೇಶದ ಓಪನ್ ಎ.ಐ. ಎಂಬ ಸಂಸ್ಥೆಯವರು 2022ನೆಯ ಇಸವಿ ನವೆಂಬರ್ 30ನೆಯ ತಾರೀಖಿನಲ್ಲಿ ಚಾಟ್ ಜಿ.ಪಿ.ಟಿ. ಎಂಬ ಸಾಧನವನ್ನು ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟರು. ಮನುಷ್ಯನು ಕೇಳಿದ ಪ್ರಶ್ನೆಗೆ ಮನುಷ್ಯನಂತೆಯೇ ವಾಕ್ಯಗಳನ್ನು ಕಟ್ಟಿ ಉತ್ತರ ಕೊಡುವ ಇಂತಹ ಯಂತ್ರಗಳಿಗೆ ಚಾಟ್‌ಬಾಟ್ ಎಂದು ಹೆಸರು. ತರುವಾಯ ಗೂಗಲ್ ಸಂಸ್ಥೆಯವರ ಜೆಮಿನಿ, ಆಂಥ್ರಾಪಿಕ್ ಸಂಸ್ಥೆಯವರ ಕ್ಲಾಡ್ ಮೊದಲಾದವು ಹೊರಟು, ಮೊಬೈಲ್ ಫೋನಿನ ಮೂಲಕ ಇವು ಈಗ ಹಳ್ಳಿಗಳನ್ನೂ ಮುಟ್ಟಿರುತ್ತವೆ. ಪಟ್ಟಣದಲ್ಲಿ ವ್ಯಾಸಂಗಮಾಡುವ ಮಗನೋ ಮಗಳೋ ರಜಕ್ಕೆ ಊರಿಗೆ ಬಂದಾಗ ತಂದೆಯ ಫೋನಿನಲ್ಲಿ ಇದನ್ನು ಅಳವಡಿಸಿ ಹೋಗುವುದುಂಟು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರ ಬರುತ್ತದೆ. ಬರೆಯಲಾರದವರು ಬಾಯಿಂದ ಕೇಳಿದರೂ ಆಗುತ್ತದೆ. ಹೀಗಿರುವಲ್ಲಿ ಇದು ಎಂತಹ ವಸ್ತು, ಇದರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು, ತಿಂಗಳು ತಿಂಗಳೂ ಹಣ ತೆತ್ತು ಇದನ್ನು ಇಟ್ಟುಕೊಳ್ಳುವುದು ಲಾಭಕರವೇ ಎಂಬ ವಿಷಯಗಳನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ. ಏಕೆಂದರೆ ಅವರು ವಿಚಾರಿಸಿದ ಸಂಗತಿಯು ಅವರ ಹೊಲದಲ್ಲಿಯೇ ನಿಲ್ಲುವುದಿಲ್ಲ; ಅವರ ಬಾಯಿಂದ ಬಂದ ಔಷಧದ ಹೆಸರನ್ನೂ ಗೊಬ್ಬರದ ಪ್ರಮಾಣವನ್ನೂ ನೆರೆಹೊರೆಯವರು ಮರುಮಾತಿಲ್ಲದೆ ಅನುಸರಿಸುತ್ತಾರೆ.

ಈ ಯಂತ್ರದೊಳಗೆ ಗ್ರಂಥಗಳನ್ನು ಸಾಲಾಗಿ ಜೋಡಿಸಿಟ್ಟಿದೆ, ಕೇಳಿದೊಡನೆ ಅದು ತಕ್ಕ ಪುಟವನ್ನು ತೆರೆದು ಓದಿ ಹೇಳುತ್ತದೆ ಎಂದು ಅನೇಕರು ಭಾವಿಸಿರುವರು. ಈ ಭಾವನೆಯು ಸರಿಯಲ್ಲ. ಯಂತ್ರವು ಮಾಡುವ ಮೂಲಕಾರ್ಯವು ಒಂದೇ: ಬರೆದಿರುವಷ್ಟು ಮಾತುಗಳ ಮುಂದೆ ಯಾವ ಮಾತು ಬರಬಹುದೆಂದು ಊಹಿಸುವುದು. “ಮುಂಗಾರು ಮಳೆ ಬಿದ್ದೊಡನೆ ರೈತನು ಹೊಲವನ್ನು” ಎಂಬಲ್ಲಿಗೆ ವಾಕ್ಯವನ್ನು ನಿಲ್ಲಿಸಿದರೆ, ಮುಂದಿನ ಮಾತು “ಉಳುತ್ತಾನೆ” ಎಂದಿರುವ ಸಂಭವವು ಬಹಳ, “ಹದಮಾಡುತ್ತಾನೆ” ಎಂದಿರಬಹುದು, “ಮಾರುತ್ತಾನೆ” ಎಂದಿರುವುದು ಅಪೂರ್ವ. ಒಕ್ಕಲುತನದಲ್ಲಿ ಬೆಳೆದವರಿಗೆ ಇದು ಅನುಭವದಿಂದ ತಿಳಿದಿದೆ. ಯಂತ್ರಕ್ಕೆ ಹೊಲವೂ ತಿಳಿಯದು, ಮಳೆಯೂ ತಿಳಿಯದು. ಆದರೆ ಲೋಕದಲ್ಲಿ ಅಚ್ಚಾದ ಅಪಾರವಾದ ಬರಹವನ್ನು ಅದಕ್ಕೆ ಉಣಿಸಿ, ಪ್ರತಿಯೊಂದು ಕಡೆಯಲ್ಲಿಯೂ ಮುಂದಿನ ಮಾತನ್ನು ಊಹಿಸುವಂತೆ ಮಾಡಿ, ಊಹೆಯು ತಪ್ಪಿದಾಗಲೆಲ್ಲ ಅದರೊಳಗಿನ ಅಂಕಿಗಳನ್ನು ಎಳ್ಳಷ್ಟು ಎಳ್ಳಷ್ಟಾಗಿ ತಿದ್ದಿರುತ್ತಾರೆ. ಹೀಗೆ ತಿದ್ದಲ್ಪಟ್ಟ ಅಂಕಿಗಳ ರಾಶಿಯೇ ಯಂತ್ರದ ವಿದ್ಯೆ. 2020ರಲ್ಲಿ ಹೊರಬಂದ ಜಿ.ಪಿ.ಟಿ. 3 ಎಂಬುದರಲ್ಲಿ ಇಂತಹ ಅಂಕಿಗಳು 17,500 ಕೋಟಿ ಇದ್ದವು.

ಒಂದು ಮಾತಿನ ಅರ್ಥವು ಅದರ ನೆರೆಯ ಮಾತುಗಳಿಂದ ನಿಶ್ಚಯವಾಗುವುದಷ್ಟೆ. “ರಾಗಿಯ ಸಾಲಿನಲ್ಲಿ ಕುಂಟೆ ಹಾಯಿಸಿ ಕಳೆ ತೆಗೆದರು” ಎಂಬಲ್ಲಿಯ ಕಳೆಯೇ ಬೇರೆ, “ಮದುಮಗಳ ಮುಖದಲ್ಲಿ ಕಳೆ ಇತ್ತು” ಎಂಬಲ್ಲಿಯ ಕಳೆಯೇ ಬೇರೆ. ವಾಕ್ಯದ ಪ್ರತಿಯೊಂದು ಮಾತನ್ನೂ ಉಳಿದ ಮಾತುಗಳೊಡನೆ ತೂಗಿನೋಡುವ ಟ್ರಾನ್ಸ್‌ಫಾರ್ಮರ್ ಎಂಬ ರಚನೆಯನ್ನು 2017ರಲ್ಲಿ ಗೂಗಲ್ ಸಂಸ್ಥೆಯ ಎಂಟು ಮಂದಿ ಸಂಶೋಧಕರು ಪ್ರಕಟಿಸಿದರು. ಇಂದಿನ ಹೆಸರಾಂತ ಚಾಟ್‌ಬಾಟುಗಳು ಬಹುಮಟ್ಟಿಗೆ ಆ ರಚನೆಯ ಸಂತತಿ. ಓದಿನ ಶಿಕ್ಷಣವು ಮುಗಿದ ಬಳಿಕ ಇನ್ನೊಂದು ಶಿಕ್ಷಣವುಂಟು: ಯಂತ್ರವು ಕೊಟ್ಟ ಉತ್ತರಗಳನ್ನು ಮನುಷ್ಯರು ಓದಿ, ಇದು ಮೇಲು, ಇದು ಕೀಳು ಎಂದು ಗುರುತು ಹಾಕುತ್ತಾರೆ, ಅದರಂತೆ ಯಂತ್ರವು ತಿದ್ದಿಕೊಳ್ಳುತ್ತದೆ. ಅದರ ಮಾತಿನ ವಿನಯವೂ ಧಾರಾಳವೂ ಧೈರ್ಯವೂ ಬಹುವಾಗಿ ಇಲ್ಲಿಂದ ಬಂದುವು. ತಿಳಿದದ್ದನ್ನು ಹೇಳುವಾಗಲೂ ತಿಳಿಯದ್ದನ್ನು ಹೇಳುವಾಗಲೂ ಧ್ವನಿಯು ಒಂದೇ ಆಗಿರುವುದು ಈ ಯಂತ್ರದ ದೊಡ್ಡ ದೋಷ.

ಹಿಂದಿನ ಕಾಲದ ದಫ್ತರದಲ್ಲಿ ಸಾವಿರ ಮಹಜರುಗಳನ್ನು ನಕಲುಮಾಡಿದ ಒಬ್ಬ ಗುಮಾಸ್ತನನ್ನು ಕಲ್ಪಿಸಿಕೊಂಡರೆ ವಿಷಯವು ಸ್ಪಷ್ಟವಾಗುವುದು. ಅವನು ಸ್ಥಳಕ್ಕೆ ಹೋಗದೆಯೇ ಒಂದು ಮಹಜರನ್ನು ಬರೆಯಬಲ್ಲನು. ಒಕ್ಕಣೆಯು ಕ್ರಮವಾಗಿರುವುದು, ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ ಎಂದು ಚೆಕ್ಕುಬಂದಿಯೂ ಇರುವುದು, ಪಂಚರ ರುಜುವಿಗೆ ಜಾಗವೂ ಬಿಟ್ಟಿರುವುದು. ಆದರೆ ಆ ಹಳ್ಳವು ಆ ಹೊಲದ ಮಗ್ಗುಲಲ್ಲಿ ಇದೆಯೇ ಎಂಬುದು ಬೇರೆಯ ಮಾತು. ಅದೇ ಗುಮಾಸ್ತನ ಮುಂದೆ ಸರ್ವೆಯ ನಕ್ಷೆಯನ್ನೂ ಪಹಣಿಯನ್ನೂ ಇಟ್ಟು ಬರೆಯೆಂದರೆ ಅವನಷ್ಟು ಚೆನ್ನಾಗಿ ಬರೆಯುವವರು ಇಲ್ಲ. ಚಾಟ್‌ಬಾಟಿನ ಬಲವೂ ದೌರ್ಬಲ್ಯವೂ ಇದೇ ರೀತಿಯವು.

2023ರಲ್ಲಿ ನ್ಯೂಯಾರ್ಕ್ ನಗರದ ಇಬ್ಬರು ವಕೀಲರು ಚಾಟ್ ಜಿ.ಪಿ.ಟಿ.ಯು ಹೇಳಿದ ಹಳೆಯ ತೀರ್ಪುಗಳನ್ನು ತಮ್ಮ ವಾದಕ್ಕೆ ಆಧಾರವಾಗಿ ನ್ಯಾಯಾಲಯಕ್ಕೆ ಸಲ್ಲಿಸಿದರು. ವಿಚಾರಿಸಲಾಗಿ ಅಂತಹ ತೀರ್ಪುಗಳು ಎಲ್ಲಿಯೂ ಇರಲಿಲ್ಲ. ನ್ಯಾಯಾಧೀಶರು ಅವರಿಗೂ ಅವರ ಕಚೇರಿಗೂ ಒಟ್ಟಾಗಿ 5,000 ಡಾಲರು ದಂಡ ವಿಧಿಸಿದರು. ವಕೀಲರಿಗೆ ದಂಡದಿಂದ ಮುಗಿಯಿತು. ವ್ಯವಸಾಯದಲ್ಲಿ ಇಂತಹ ತಪ್ಪು ಸಂಭವಿಸಿದರೆ ಒಂದು ವರ್ಷದ ಬೆಳೆಯೇ ಹೋಗುವುದು. ರಾಗಿಯ ಗೊಬ್ಬರದ ಲೆಕ್ಕವನ್ನೇ ನೋಡಬಹುದು. ಮಳೆಯಾಶ್ರಯದ ರಾಗಿಗೆ ಹೆಕ್ಟೇರಿಗೆ 50 ಕಿಲೋಗ್ರಾಂ ಸಾರಜನಕವೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರ ಶಿಫಾರಸು ಇದೆ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿರುವುದರಿಂದ, ಬರೀ ಯೂರಿಯಾದಿಂದಲೇ ಅದನ್ನು ಒದಗಿಸುವುದಾದರೆ ಹೆಕ್ಟೇರಿಗೆ ಸುಮಾರು 109 ಕಿಲೋಗ್ರಾಂ ಬೇಕು. ಹೆಕ್ಟೇರು ಎಂದರೆ 2 ಎಕರೆ 19 ಗುಂಟೆಗೆ ಸಮೀಪ. ಆದುದರಿಂದ ಎಕರೆಗೆ 44 ಕಿಲೋಗ್ರಾಂ, ಅಂದರೆ 45 ಕಿಲೋಗ್ರಾಮಿನ ಒಂದು ಚೀಲಕ್ಕೆ ತುಸು ಕಡಿಮೆ. ಡಿ.ಎ.ಪಿ. ಹಾಕಿದ್ದರೆ ಅದರಲ್ಲಿರುವ ಸಾರಜನಕವನ್ನೂ ಕಳೆಯಬೇಕು. ಯಂತ್ರವು ಓದಿದ ಬರಹಗಳಲ್ಲಿ ಕೆಲವು ಹೆಕ್ಟೇರಿನ ಲೆಕ್ಕದವು, ಕೆಲವು ಎಕರೆಯವು. ಅದು ಒಂದನ್ನು ಇನ್ನೊಂದರ ಸ್ಥಾನದಲ್ಲಿಟ್ಟು ಎಕರೆಗೆ 109 ಎಂದು ಬರೆದರೆ, ವಾಕ್ಯದಲ್ಲಿ ವ್ಯಾಕರಣದ ದೋಷವೇನೂ ಕಾಣದು. ಹೊಲದಲ್ಲಿ ಮಾತ್ರ ಪೈರು ಹುಲುಸಾಗಿ ಬೆಳೆದು ನೆಲಕ್ಕೊರಗುವುದು.

ಔಷಧಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರಿಕೆ ಬೇಕು. ಭತ್ತಕ್ಕೂ ಕಬ್ಬಿಗೂ ದಶಕಗಳ ಕಾಲ ಫೋರೇಟ್ ಹರಳನ್ನು ಹಾಕುತ್ತಿದ್ದುದು ಹಿರಿಯರಿಗೆ ತಿಳಿದಿದೆ. ಕೇಂದ್ರ ಸರ್ಕಾರದವರು 2018ರ ಆಗಸ್ಟಿನಲ್ಲಿ ಹೊರಡಿಸಿದ ಆಜ್ಞೆಯಂತೆ ಅದು 2020ರ ಡಿಸೆಂಬರ್ 31ರಿಂದ ನಿಷಿದ್ಧವಾಯಿತು. ಎಂಡೋಸಲ್ಫಾನನ್ನು 2011ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಲ್ಲಿಸಿತು. ಆದರೆ ಅದಕ್ಕೂ ಮೊದಲಿನ ಕರಪತ್ರಗಳೂ ಪುಸ್ತಕಗಳೂ ಲೋಕದಲ್ಲಿ ಹಾಗೆಯೇ ಉಳಿದಿರುತ್ತವೆ, ಯಂತ್ರವು ಅವುಗಳನ್ನೂ ಓದಿರುತ್ತದೆ. ಹಳೆಯದು ಹೆಚ್ಚಾಗಿಯೂ ಹೊಸ ಆಜ್ಞೆಯು ಒಂದೇ ಪುಟವಾಗಿಯೂ ಇರುವಲ್ಲಿ, ಊಹೆಯು ಹಳೆಯದರ ಕಡೆಗೆ ಒಲೆಯುವುದು ಅಸಂಭವವಲ್ಲ. ಈಚಿನ ಯಂತ್ರಗಳು ಉತ್ತರಕ್ಕೆ ಮುಂಚೆ ಅಂತರ್ಜಾಲವನ್ನು ಹುಡುಕಿ ನೋಡಬಲ್ಲವು, ಅದರಿಂದ ಈ ದೋಷವು ಎಷ್ಟೋ ತಗ್ಗಿದೆ. ಆದಾಗ್ಯೂ ಅದು ತೋರಿಸುವ ಆಧಾರವನ್ನು ತೆರೆದು, ಯಾವ ಇಲಾಖೆಯದು, ಯಾವ ವರ್ಷದ್ದು ಎಂದು ಕಣ್ಣಾರೆ ನೋಡತಕ್ಕದ್ದು.

ಕನ್ನಡದಲ್ಲಿ ಕೇಳುವವರು ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಯಂತ್ರವು ಓದಿರುವ ಬರಹದಲ್ಲಿ ಇಂಗ್ಲಿಷಿನದು ಸಾಗರ, ಕನ್ನಡದ್ದು ಕೆರೆ. ಕಡಲೆ ಎಂದು ಕೇಳಿದಾಗ ಅದು ಕಡಲೆಕಾಯಿಯೆಂದು ತಿಳಿಯಬಹುದು. ಜೋಳವೆಂದರೆ ಮುಸುಕಿನ ಜೋಳವೆಂದು ಎಣಿಸಬಹುದು. ಕೊಳ್ಳೆಗಾಲದ ಕಡೆಯ ಮಾತು ಒಂದು, ಕಲಬುರ್ಗಿಯ ಕಡೆಯದು ಇನ್ನೊಂದು. ಮೇಲಾಗಿ ಯಂತ್ರವು ಮಾತುಗಳನ್ನು ತುಣುಕುಗಳಾಗಿ ಒಡೆದು ಎಣಿಸುತ್ತದೆ, ಖರ್ಚೂ ತುಣುಕಿನ ಲೆಕ್ಕದಲ್ಲಿಯೇ ಬರುತ್ತದೆ. ಭಾರತೀಯ ಲಿಪಿಗಳು ಮೊದಲು ಅತಿ ಸಣ್ಣ ಚೂರುಗಳಾಗುತ್ತಿದ್ದುವು. 2024ರ ಮೇ ತಿಂಗಳಿನಲ್ಲಿ ಓಪನ್ ಎ.ಐ.ಯವರು ಈ ಕ್ರಮವನ್ನು ತಿದ್ದಿ, ನೆರೆಯ ತೆಲುಗಿನಲ್ಲಿ ತುಣುಕುಗಳು ಮೂರೂವರೆಗೆ ಒಂದರಂತೆ ಇಳಿದುವೆಂದು ಪ್ರಕಟಿಸಿದರು. ಬೆಳೆಯ ಹೆಸರನ್ನು ವಿವರವಾಗಿ, ಸಾಧ್ಯವಾದರೆ ತಳಿಯ ಹೆಸರಿನೊಡನೆ ಬರೆದು ಕೇಳುವುದರಿಂದ ಗೊಂದಲವು ಬಹಳ ಕಡಿಮೆಯಾಗುವುದು.

ಎಲೆಯ ಚಿತ್ರವನ್ನು ತೋರಿಸಿ ರೋಗವನ್ನು ಕೇಳುವ ಪದ್ಧತಿಯೂ ಬಂದಿದೆ. ಅಡಿಕೆಯ ಗರಿ ಹಳದಿಯಾಗುವುದಕ್ಕೆ ಹಳದಿ ಎಲೆ ರೋಗವೂ ಕಾರಣವಾಗಬಹುದು, ಬಸಿಗಾಲುವೆ ಮುಚ್ಚಿ ನೀರು ನಿಂತುದೂ ಆಗಬಹುದು, ಪೋಷಕಾಂಶದ ಕೊರತೆಯೂ ಆಗಬಹುದು. ಚಿತ್ರದಲ್ಲಿ ಮೂರೂ ಹಳದಿಯೇ. ಬಸಿಗಾಲುವೆಯನ್ನು ನೋಡಲು ತೋಟಕ್ಕೆ ಇಳಿಯಬೇಕು. ಔಷಧದ ಅಂಗಡಿಗೆ ಹೋಗುವುದಕ್ಕಿಂತ ಅದು ಅಗ್ಗ.

ಇಷ್ಟು ಹೇಳಿದುದರಿಂದ ಈ ಯಂತ್ರವು ನಿಷ್ಪ್ರಯೋಜಕವೆಂದು ಎಣಿಸಬಾರದು. ನಕ್ಷೆಯನ್ನು ಮುಂದಿಟ್ಟುಕೊಂಡ ಗುಮಾಸ್ತನ ಕೆಲಸಗಳು ಹಳ್ಳಿಯಲ್ಲಿ ಬೇಕಾದಷ್ಟಿವೆ. ಇಂಗ್ಲಿಷಿನಲ್ಲಿ ಬಂದ ಹತ್ತು ಪುಟದ ಸುತ್ತೋಲೆಯನ್ನು ಅದಕ್ಕೆ ಕೊಟ್ಟು, ರೈತರು ಮಾಡಬೇಕಾದುದೇನು, ಕಡೆಯ ದಿನ ಯಾವುದು ಎಂದು ಕೇಳಿದರೆ ನಿಮಿಷದೊಳಗೆ ಕನ್ನಡದಲ್ಲಿ ಹೇಳುತ್ತದೆ. ಫಸಲು ವಿಮೆಯ ನಿಯಮದಲ್ಲಿ ಆಲಿಕಲ್ಲು ಮಳೆಯಂತಹ ಸ್ಥಳೀಯ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸಬೇಕೆಂದಿರುವುದು ತಿಳಿಯದೆಯೇ ಪರಿಹಾರವನ್ನು ಕಳೆದುಕೊಳ್ಳುವವರಿದ್ದಾರೆ. ಅಂತಹ ಕಾಗದವನ್ನು ಬಿಡಿಸಿ ಹೇಳುವುದಕ್ಕೆ ಇದು ತಕ್ಕ ಸಹಾಯಕ. ತಹಶೀಲ್ದಾರರಿಗೆ ಅರ್ಜಿ, ಸಹಕಾರ ಸಂಘದ ಸಭೆಯ ನಡವಳಿ, ಕೂಲಿಯ ಲೆಕ್ಕದ ನಮೂನೆ, ಇವುಗಳನ್ನೂ ಅಚ್ಚುಕಟ್ಟಾಗಿ ಸಿದ್ಧಪಡಿಸುತ್ತದೆ. ಲೆಕ್ಕವನ್ನು ಮಾತ್ರ ಇನ್ನೊಮ್ಮೆ ಕೂಡಿ ನೋಡಬೇಕು. ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ಗುಪ್ತಸಂಖ್ಯೆ ಇವುಗಳನ್ನು ಅದಕ್ಕೆ ಕೊಡಕೂಡದು. ಬರೆದುದು ಸಂಸ್ಥೆಯವರ ಯಂತ್ರಾಗಾರಕ್ಕೆ ಹೋಗುತ್ತದೆಯೇ ಹೊರತು ಫೋನಿನಲ್ಲಿಯೇ ಉಳಿಯುವುದಿಲ್ಲ.

ಇನ್ನು ಹಣದ ವಿಚಾರ. ಪ್ರತಿಯೊಂದು ಉತ್ತರಕ್ಕೂ ಬೆಲೆಬಾಳುವ ಯಂತ್ರಗಳೂ ವಿದ್ಯುಚ್ಛಕ್ತಿಯೂ ವೆಚ್ಚವಾಗುವುದರಿಂದ ಸಂಸ್ಥೆಗಳು ಉಚಿತವಾಗಿ ಕೊಡುವುದಕ್ಕೆ ಮಿತಿಯನ್ನಿಟ್ಟಿವೆ. 2023ರ ಫೆಬ್ರವರಿಯಲ್ಲಿ ಚಾಟ್ ಜಿ.ಪಿ.ಟಿ.ಗೆ ತಿಂಗಳಿಗೆ 20 ಡಾಲರಿನ ಚಂದಾ ಏರ್ಪಟ್ಟಿತು. ಭಾರತದಲ್ಲಿ 2025ರ ಆಗಸ್ಟಿನಲ್ಲಿ ತಿಂಗಳಿಗೆ 399 ರೂಪಾಯಿಗಳ ಕಿರಿಯ ಚಂದಾ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ನಿಯಮಿತ ಅವಧಿಯೊಳಗೆ ಸೇರಿದವರಿಗೆ ಒಂದು ವರ್ಷ ಉಚಿತವೆಂದು ಸಾರಿದರು. ಜಿಯೋ ಕಂಪನಿಯವರೂ 2025ರ ಅಕ್ಟೋಬರಿನಲ್ಲಿ ತಮ್ಮ ಕೆಲವು ಗಿರಾಕಿಗಳಿಗೆ ಜೆಮಿನಿಯ ಮೇಲ್ದರ್ಜೆಯನ್ನು 18 ತಿಂಗಳು ಕೊಡುವುದಾಗಿ ಪ್ರಕಟಿಸಿದರು. ದರಗಳು ಆಗಾಗ ಬದಲಾಗುವುದರಿಂದ ಸೇರುವ ದಿನದ ದರವನ್ನೇ ನೋಡಿಕೊಳ್ಳಬೇಕು. ತಿಂಗಳಿಗೆ 399 ರೂಪಾಯಿ ಸಣ್ಣದೆಂದು ತೋರಬಹುದು. ವರ್ಷಕ್ಕೆ ಅದು 4,788 ರೂಪಾಯಿ. ಕಿಸಾನ್ ಸಮ್ಮಾನ್ ನಿಧಿಯಿಂದ ರೈತಕುಟುಂಬಕ್ಕೆ ವರ್ಷಕ್ಕೆಂದು ನಿಗದಿಯಾದ 6,000 ರೂಪಾಯಿಯಲ್ಲಿ ಐದರಲ್ಲಿ ನಾಲ್ಕು ಪಾಲು ಇದಕ್ಕೇ ಹೋದಂತಾಯಿತು.

ಈ ಹಣಕ್ಕೆ ದೊರೆಯುವುದೇನು? ಹೆಚ್ಚು ಪ್ರಶ್ನೆಗಳು, ಉದ್ದವಾದ ಕಾಗದಗಳನ್ನು ಓದಿಸುವ ಅನುಕೂಲ, ಹೆಚ್ಚು ಚಿತ್ರಗಳು. ಮೇಲಿನ ದರ್ಜೆಗಳಲ್ಲಿ ಹೆಚ್ಚು ಸಮರ್ಥವಾದ ಯಂತ್ರ. ದೊಡ್ಡ ಯಂತ್ರವು ಲೆಕ್ಕದಲ್ಲಿಯೂ ತರ್ಕದಲ್ಲಿಯೂ ಕಡಿಮೆ ತಪ್ಪುವುದೆಂಬುದು ನಿಜ. ಆದರೆ ಎಷ್ಟು ತೆತ್ತರೂ ಅದು ಜಮೀನಿನ ಮಣ್ಣನ್ನು ಮುಟ್ಟಿ ನೋಡಲಾರದು. ಹುಡುಕಿ ನೋಡದೆ ತಿಪಟೂರಿನ ಇಂದಿನ ಕೊಬ್ಬರಿಯ ಧಾರಣೆಯನ್ನು ಹೇಳಲಾರದು. ವಾರಕ್ಕೆ ನಾಲ್ಕಾರು ಪ್ರಶ್ನೆ ಕೇಳುವ ಜಮೀನುದಾರರಿಗೆ ಉಚಿತವಾದುದೇ ಸಾಕು, ಹಣ ತೆರುವುದು ವ್ಯರ್ಥ. ದಿನವೂ ಕಾಗದಪತ್ರಗಳನ್ನು ನಡೆಸಬೇಕಾದ ಸಹಕಾರ ಸಂಘ, ರೈತ ಉತ್ಪಾದಕರ ಕಂಪನಿ, ಪರಸ್ಥಳಗಳೊಡನೆ ವ್ಯಾಪಾರವುಳ್ಳ ದೊಡ್ಡ ತೋಟದವರು, ಇವರಿಗೆ ಗುಮಾಸ್ತನ ಎರಡು ದಿನದ ಶ್ರಮ ಉಳಿದರೂ 399 ರೂಪಾಯಿ ಹುಟ್ಟುತ್ತದೆ. ಅಂತಹವರೂ ಮೊದಲು ಉಚಿತವಾದುದರ ಮಿತಿಯು ತಮ್ಮ ಕೆಲಸಕ್ಕೆ ನಿಜವಾಗಿಯೂ ಅಡ್ಡಬರುತ್ತದೆಯೇ ಎಂದು ಒಂದು ತಿಂಗಳು ನೋಡುವುದು ಲೇಸು. ತಮಗೆ ಚೆನ್ನಾಗಿ ತಿಳಿದ ಹತ್ತು ಸಂಗತಿಗಳನ್ನು, ತಮ್ಮ ಹೋಬಳಿಯ ಬೆಳೆ, ಬಿತ್ತನೆಯ ಕಾಲ, ರೋಗ ಮುಂತಾದುವನ್ನು ಕೇಳಿ, ಎಷ್ಟು ಸರಿ ಬಂದಿತೆಂದು ಗುರುತು ಹಾಕಿಕೊಂಡರೆ ಯಂತ್ರದ ಯೋಗ್ಯತೆಯು ಯಾರ ಶಿಫಾರಸೂ ಇಲ್ಲದೆ ತಿಳಿಯುವುದು.

ವ್ಯವಸಾಯದ ಸಲಹೆಗಾಗಿಯೇ ಹಣ ತೆರಬೇಕಾದ ಅಗತ್ಯವಂತೂ ಇಲ್ಲ. 2004ರ ಜನವರಿಯಲ್ಲಿ ಪ್ರಾರಂಭವಾದ ಕಿಸಾನ್ ಕಾಲ್ ಸೆಂಟರಿನ 1800-180-1551 ಎಂಬ ಸಂಖ್ಯೆಗೆ ಬೆಳಿಗ್ಗೆ 6 ಗಂಟೆಯಿಂದ ರಾತ್ರಿ 10 ಗಂಟೆಯವರೆಗೆ ಕರೆಮಾಡಿದರೆ ಮನುಷ್ಯರೇ ಕನ್ನಡದಲ್ಲಿ ಉತ್ತರ ಹೇಳುತ್ತಾರೆ, ಕರೆಗೆ ಖರ್ಚಿಲ್ಲ. ಸಮ್ಮಾನ್ ನಿಧಿಯ ಕಂತು ಬರಲಿಲ್ಲವೇಕೆ ಎಂಬಂತಹ ಪ್ರಶ್ನೆಗಳಿಗೆ ಕೇಂದ್ರ ಸರ್ಕಾರದವರು 2023ರ ಸೆಪ್ಟೆಂಬರಿನಲ್ಲಿ ಕಿಸಾನ್ ಇ-ಮಿತ್ರ ಎಂಬ ಚಾಟ್‌ಬಾಟನ್ನೇ ಏರ್ಪಡಿಸಿರುತ್ತಾರೆ. ಔಷಧದ ಹೆಸರು, ಪ್ರಮಾಣ, ಸಿಂಪಡಿಸುವ ಕಾಲ ಈ ಮೂರನ್ನು ಮಾತ್ರ ಯಂತ್ರದಿಂದ ತಿಳಿದಿದ್ದರೂ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಊರಿನವರಿಗೆ ಹೇಳತಕ್ಕದ್ದು.

ಚಂದಾ ಸೇರುವವರು ವರ್ಷದ ಹಣವನ್ನು ಒಮ್ಮೆಗೇ ಕಟ್ಟದೆ ತಿಂಗಳ ಲೆಕ್ಕದಲ್ಲಿಯೇ ಸೇರಬೇಕು. ಸೇರುವಾಗ ಬ್ಯಾಂಕಿನಿಂದ ಹಣವು ತಾನಾಗಿಯೇ ಕಡಿತವಾಗುವಂತೆ ಒಪ್ಪಿಗೆಯನ್ನು ಪಡೆಯುವುದು ವಾಡಿಕೆ. ಉಚಿತವೆಂದು ಸೇರಿಸಿಕೊಂಡ ಕೆಲವು ಕೊಡುಗೆಗಳಲ್ಲಿಯೂ ಅವಧಿ ಮುಗಿದ ಮರುದಿನದಿಂದ ಕಡಿತವು ಮೊದಲಾಗುತ್ತದೆ. ಆದುದರಿಂದ ಸೇರಿದ ದಿನವನ್ನೂ ಅವಧಿ ಮುಗಿಯುವ ದಿನವನ್ನೂ ಮನೆಯ ಪಂಚಾಂಗದಲ್ಲಿಯೇ ಗುರುತು ಮಾಡಿಟ್ಟು, ಬೇಡವೆನಿಸಿದರೆ ಎರಡು ದಿನ ಮುಂಚಿತವಾಗಿ ಫೋನಿನ ಪಾವತಿಯ ಪುಟದಲ್ಲಿ ಆ ಒಪ್ಪಿಗೆಯನ್ನು ರದ್ದುಪಡಿಸಬೇಕು. ಯಂತ್ರವನ್ನು ಫೋನಿನಿಂದ ಅಳಿಸಿಹಾಕಿದ ಮಾತ್ರಕ್ಕೆ ಕಡಿತವು ನಿಲ್ಲುವುದಿಲ್ಲ.