ಗೀರಿನ ಲೆಕ್ಕ

ಗೂಡಲೂರಿನಿಂದ ಊಟಿ ಘಾಟಿ ಹತ್ತಿದರೆ ಪೈಕಾರ ಸಿಗುತ್ತದೆ. ಅಲ್ಲಿಯ ನೀರನ್ನು ಮಸಿನಗುಡಿ ಕಡೆಯ ಸಿಂಗಾರಕ್ಕೆ ಇಳಿಸಿ 1932ರಿಂದ ವಿದ್ಯುತ್ ತೆಗೆಯುತ್ತಿದ್ದಾರೆ. ವಿದ್ಯುತ್ ಗೋಪುರಗಳಲ್ಲಿ ತಂತಿಯ ಭಾರ ಹೊತ್ತು ನೇತಾಡುವ ಕಂದು ಪಿಂಗಾಣಿ ಬಿಲ್ಲೆಗಳನ್ನು ಎಲ್ಲರೂ ನೋಡಿರುತ್ತೇವೆ. ಮೈಸೂರಿಗೋ ಕೋಯಿಕ್ಕೋಡಿಗೋ ಹೋಗಿ ಹಲ್ಲಿಗೆ ಹಾಕಿಸಿಕೊಂಡು ಬರುವ ಪಿಂಗಾಣಿ ಕ್ಯಾಪ್ ಕೂಡ ಅದೇ ಕುಲದ್ದು: ಫೆಲ್ಡ್‌ಸ್ಪಾರ್, ಬೆಣಚುಕಲ್ಲು, ಬಿಳಿಜೇಡಿ. ಹಲ್ಲಿನದರಲ್ಲಿ ಜೇಡಿ ಇಲ್ಲವೆನ್ನುವಷ್ಟು ಕಡಿಮೆ. (ದೇವಾಲ, ಪಂದಲೂರಿನಲ್ಲಿ 1880ರ ಸುಮಾರಿಗೆ ಇಂಗ್ಲಿಷ್ ಕಂಪನಿಗಳು ಚಿನ್ನದಾಸೆಗೆ ಪುಡಿಮಾಡಿ ಕೈಸುಟ್ಟುಕೊಂಡದ್ದೂ ಬೆಣಚುಕಲ್ಲನ್ನೇ.)

ಕೈಜಾರಿದರೆ ಚೂರಾಗುವ ಈ ವಸ್ತು ತಂತಿಯ ಎಳೆತವನ್ನೂ ದವಡೆಯ ಹೊಡೆತವನ್ನೂ ಹೇಗೆ ತಾಳುತ್ತದೆ? ಬಹುಕಾಲದವರೆಗೆ ಎಲ್ಲರ ಉತ್ತರ ಮಿಶ್ರಣ ಮತ್ತು ಬೆಂಕಿಯ ಹದ ಎಂಬುದೇ ಆಗಿತ್ತು. ಅದು ಅರ್ಧ ಉತ್ತರ. ಉಳಿದರ್ಧ ವಸ್ತುವಿನ ಮೈಮೇಲೇ ಇದೆಯೆಂದು ಗೊತ್ತಾದದ್ದು ವಿಮಾನದ ಕೆಲಸ ಮಾಡುತ್ತಿದ್ದವರಿಂದ.

ಪಿಂಗಾಣಿ ಕ್ಯಾಪ್ ಶುರುವಾದದ್ದು 1880ರ ದಶಕದಲ್ಲಿ, ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಚಾರ್ಲ್ಸ್ ಲ್ಯಾಂಡ್ ಎಂಬ ದಂತವೈದ್ಯ ತೆಳು ಪ್ಲಾಟಿನಮ್ ಹಾಳೆಯನ್ನು ಅರೆದ ಹಲ್ಲಿನ ಆಕಾರಕ್ಕೆ ಮಡಿಸಿ, ಅದರ ಮೇಲೆ ಪಿಂಗಾಣಿ ಮೆತ್ತಿ ಕುಲುಮೆಯಲ್ಲಿ ಸುಟ್ಟ. ನೋಡಲು ಸೊಗಸು, ಆದರೆ ಜೋರಾಗಿ ಕಚ್ಚಿದರೆ ಬಿರುಕು. 1927ರಲ್ಲಿ ಒಬ್ಬನೇ ಅಟ್ಲಾಂಟಿಕ್ ಹಾರಿದ ಲಿಂಡ್‌ಬರ್ಗ್ ಈ ಲ್ಯಾಂಡ್‌ನ ಮೊಮ್ಮಗ. ಹಲ್ಲಿಗೂ ವಿಮಾನಕ್ಕೂ ಇರುವ ನಂಟು ಇಷ್ಟೇ ಆಗಿದ್ದರೆ ಹೇಳುವ ಅಗತ್ಯವಿರಲಿಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಎ.ಎ. ಗ್ರಿಫಿತ್ ಎಂಬ ಎಂಜಿನಿಯರ್ ವಿಮಾನದ ಬಿಡಿಭಾಗಗಳ ಬಲ ಪರೀಕ್ಷಿಸುತ್ತಿದ್ದ. ಅವನ ಮುಂದಿದ್ದ ಪ್ರಶ್ನೆ ಸಾಮಾನ್ಯವಾದದ್ದು: ಮೈಮೇಲಿನ ಗೀರು ಒಂದು ಭಾಗವನ್ನು ಎಷ್ಟು ದುರ್ಬಲ ಮಾಡುತ್ತದೆ? ಉಜ್ಜಿ ನಯ ಮಾಡಿದರೆ ಎಷ್ಟು ಲಾಭ? ಹಡಗಿನ ತಗಡಿನ ತೂತುಗಳ ಮೂಲೆಯಲ್ಲಿ ಒತ್ತಡ ಹೇಗೆ ಹಲವು ಪಟ್ಟು ಏರುತ್ತದೆಂದು ಕೇಂಬ್ರಿಜ್‌ನ ಇಂಗ್ಲಿಸ್ 1913ರಲ್ಲೇ ಲೆಕ್ಕ ಹಾಕಿಕೊಟ್ಟಿದ್ದ. ಗೀರಿನ ತುದಿ ಎಷ್ಟು ಚೂಪೋ ಅಲ್ಲಿ ಸೇರುವ ಒತ್ತಡ ಅಷ್ಟು ಹೆಚ್ಚು. ಗಾಜಿನಂಗಡಿಯವನು ವಜ್ರದ ಮೊನೆಯಿಂದ ಒಂದು ಗೀರೆಳೆದು, ಇಡೀ ಹಾಳೆಯನ್ನು ಬೆರಳಲ್ಲಿ ಲಟಕ್ಕನೆ ಮುರಿಯುವುದು ಇದರಿಂದಲೇ.

ಲೋಹ ಬಿಟ್ಟು ಗ್ರಿಫಿತ್ ಗಾಜನ್ನು ಆರಿಸಿಕೊಂಡ. ಲೋಹ ಬಾಗಿ ಲೆಕ್ಕ ಕೆಡಿಸುತ್ತದೆ, ಗಾಜು ಬಾಗದೆ ಮುರಿಯುತ್ತದೆ. ಕಾಯಿಸಿದ ಗಾಜನ್ನು ಎಳೆದು ಎಳೆಗಳನ್ನು ಮಾಡಿ ಜಗ್ಗಿ ನೋಡಿದ. ಒಂದು ಮಿಲಿಮೀಟರ್ ದಪ್ಪದ ಕಡ್ಡಿಗಿಂತ, ಕೂದಲಿಗಿಂತಲೂ ಬಹಳ ತೆಳ್ಳಗಿನ ಎಳೆ, ಅಷ್ಟೇ ಅಡ್ಡಕೊಯ್ತಕ್ಕೆ ಹೋಲಿಸಿದರೆ ಸುಮಾರು 20 ಪಟ್ಟು ಗಟ್ಟಿ! ಗಾಜು ಅದೇ. ಎಳೆ ಸಣ್ಣದಾದಷ್ಟೂ ಅದರಲ್ಲಿ ದೊಡ್ಡ ಗೀರಿಗೆ ಜಾಗವಿಲ್ಲ, ಅಷ್ಟೇ ವ್ಯತ್ಯಾಸ. ಕಣ್ಣಿಗೆ ಕಾಣದ ಬಿರುಕುಗಳು ಗಾಜಿನಲ್ಲಿ ಮೊದಲೇ ಇರುತ್ತವೆ, ಅವುಗಳಲ್ಲಿ ಅತಿ ಕೆಟ್ಟದ್ದೇ ಇಡೀ ವಸ್ತುವಿನ ಬಲವನ್ನು ನಿರ್ಧರಿಸುತ್ತದೆ ಎಂದು 1920ರಲ್ಲಿ ರಾಯಲ್ ಸೊಸೈಟಿಗೆ ಬರೆದು ಕಳಿಸಿದ. ಒಂದು ರಾತ್ರಿ ಸಹಾಯಕ ಗ್ಯಾಸ್ ಆರಿಸಲು ಮರೆತು ಪ್ರಯೋಗಾಲಯಕ್ಕೆ ಬೆಂಕಿ ಬಿತ್ತು, ಮೇಲಿನವರು ಈ ಗಾಜಿನಾಟ ಸಾಕು ಎಂದು ಗ್ರಿಫಿತ್‌ನನ್ನು ಬೇರೆ ಕೆಲಸಕ್ಕೆ ಹಾಕಿದರು ಎಂದು ವಸ್ತುವಿಜ್ಞಾನಿ ಜೆ.ಇ. ಗಾರ್ಡನ್ ಬರೆಯುತ್ತಾನೆ. ಮೇಲಧಿಕಾರಿಗಳ ಬುದ್ಧಿ ಎಲ್ಲ ದೇಶದಲ್ಲೂ ಒಂದೇ.

ಪಿಂಗಾಣಿಯವರಿಗೆ ಗೀರಿಗೆ ಮದ್ದು ತಮ್ಮದೇ ರೀತಿಯಲ್ಲಿ ಗೊತ್ತಿತ್ತು: ಗ್ಲೇಜ್. ಗಾಜಿನ ತೆಳುಪದರವನ್ನು ಹೊದಿಸಿ ಸುಟ್ಟರೆ ಗೀರು ಮುಚ್ಚುತ್ತದೆ. ಜೊತೆಗೆ, ಒಡಲಿಗಿಂತ ಗ್ಲೇಜ್ ಆರುವಾಗ ಕಡಿಮೆ ಕುಗ್ಗುವಂತೆ ಮಾಡಿದರೆ, ಹೊರಪದರ ಸದಾ ಅಮುಕಿದ ಸ್ಥಿತಿಯಲ್ಲಿರುತ್ತದೆ. ಅಮುಕಿದ ಮೈಯಲ್ಲಿ ಬಿರುಕು ಬಾಯಿ ಬಿಡುವುದು ಕಷ್ಟ. ಮೈಸೂರು ಸರ್ಕಾರ ಮಲ್ಲೇಶ್ವರದ ಬಳಿ ನಡೆಸುತ್ತಿದ್ದ, ಮುಂದೆ ಬಿಎಚ್‌ಇಎಲ್ ಕೈಸೇರಿದ ಪಿಂಗಾಣಿ ಕಾರ್ಖಾನೆಯಂಥ ಕಡೆ ತಯಾರಾಗುವ ವಿದ್ಯುತ್ ಬಿಲ್ಲೆಗಳ ಗ್ಲೇಜ್ ಬರೀ ಅಂದಕ್ಕಲ್ಲ, ಬಲಕ್ಕೂ ಹೌದು.

ದಂತವೈದ್ಯರೂ ಹಾಗೆಯೇ ನಂಬಿದರು. ಗ್ಲೇಜ್ ಆದ ಕ್ಯಾಪ್ ಗಟ್ಟಿ, ಉಜ್ಜಿದ್ದು ಸೋಲುತ್ತದೆ ಎಂದು. ಆದರೆ ಪ್ರಯೋಗಾಲಯಗಳಲ್ಲಿ ಬಗ್ಗಿಸಿ ಮುರಿದು ನೋಡಿದಾಗ ಹಲವು ಸಲ ಗ್ಲೇಜ್‌ನ ಮೇಲುಗೈ ಕಾಣಲೇ ಇಲ್ಲ. ಬಾಯಲ್ಲಿ ಮುರಿದುಬಂದ ಕ್ಯಾಪ್‌ಗಳ ಚೂರುಗಳನ್ನು 1990ರ ದಶಕದಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟವರಿಗೆ ಇನ್ನೊಂದು ಸಂಗತಿ ಸಿಕ್ಕಿತು: ಬಿರುಕು ಹೆಚ್ಚಾಗಿ ಹುಟ್ಟುವುದು ಜಗಿಯುವ ಮೇಲ್ಮೈಯಲ್ಲಲ್ಲ, ಸಿಮೆಂಟ್ ಹಚ್ಚುವ ಒಳಮೈಯಲ್ಲಿ. ಮೇಲಿಂದ ಒತ್ತಿದಾಗ ಕ್ಯಾಪ್ ಬಾಗಿ, ಎಳೆತ ಬೀಳುವುದು ಒಳಗಡೆ. ಹೊರಗಿನ ಹೊಳಪಿಗೆ ಎಷ್ಟು ಶ್ರಮಪಟ್ಟರೂ ಒಳಗೆ ಬರ್‌ನ (ಅರೆಯುವ ತಿರುಗುಮೊನೆಯ) ಆಳದ ಗೀರು ಉಳಿದಿದ್ದರೆ ಫಲವಿಲ್ಲ.

ಕ್ಯಾಪ್‌ಗೆ ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್ ವಸ್ತು ಬಂದಮೇಲೆ ಲೆಕ್ಕ ಇನ್ನಷ್ಟು ತಿರುಗಿತು. 1975ರಲ್ಲಿ ಆಸ್ಟ್ರೇಲಿಯಾದ ಗಾರ್ವಿ, ಹ್ಯಾನಿಂಕ್, ಪ್ಯಾಸ್ಕೋ ಮೂವರು ಇದನ್ನು ‘ಪಿಂಗಾಣಿ ಉಕ್ಕೇ?’ ಎಂಬ ಅರ್ಥದ ತಲೆಬರಹದಲ್ಲಿ ಜಗತ್ತಿಗೆ ತೋರಿಸಿದ್ದರು. ಬಿರುಕಿನ ತುದಿ ಬಂದು ತಾಗಿದೊಡನೆ ಅಲ್ಲಿಯ ಹರಳುಗಳು ರೂಪ ಬದಲಿಸಿ ಶೇಕಡ 4ರಷ್ಟು ಉಬ್ಬುತ್ತವೆ, ಬಿರುಕನ್ನು ಹಿಸುಕುತ್ತವೆ. ಹಾಗಾದರೆ ಮೈಯನ್ನು ಕೆಣಕಿದರೆ ಬಲ ಹೆಚ್ಚಬೇಕಲ್ಲವೇ? ಸ್ಲೊವೇನಿಯಾದ ಕೊಸ್ಮಾಚ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಹೌದು, ಅಲ್ಲ ಎರಡೂ ಇವೆ. ಸಣ್ಣ ಕಣಗಳನ್ನು ರಭಸದಿಂದ ಹೊಡೆಸಿದಾಗ ಬಲ ಏರಿತು, ವಜ್ರದ ಬರ್‌ನಿಂದ ಅರೆದಾಗ ಇಳಿಯಿತು. ಉಬ್ಬಿದ ಪದರಕ್ಕಿಂತ ಗೀರು ಆಳಕ್ಕಿಳಿದರೆ ಹರಳು ಏನೂ ಮಾಡಲಾರದು. ಅರೆದ ಮೇಲೆ ಮತ್ತೆ ಕುಲುಮೆಗಿಟ್ಟು ಗ್ಲೇಜ್ ಮಾಡಿದರೆ ಹರಳುಗಳು ಹಳೆಯ ರೂಪಕ್ಕೆ ಮರಳಿ, ಗಳಿಸಿದ ಅಮುಕುಬಲವೂ ಹೋಗುತ್ತದೆ.

ಇನ್ನು ನಯದ ವಿಷಯ. ಬೆಲ್ಜಿಯಮ್‌ನ ಲೂವೆನ್ ವಿಶ್ವವಿದ್ಯಾಲಯದವರು 1997ರಲ್ಲಿ ಒಂದು ಗಡಿ ಹೇಳಿದರು: ಮೈಯ ಸರಾಸರಿ ಒರಟು 0.2 ಮೈಕ್ರೋಮೀಟರ್ ದಾಟಿದರೆ ಹಲ್ಲಿನ ಪಾಚಿ ಹೆಚ್ಚು ಕೂರುತ್ತದೆ. ನಾಲಿಗೆಗೆ ಒರಟು ತಿಳಿಯುವುದು ಸುಮಾರು 0.5 ಮೈಕ್ರೋಮೀಟರ್‌ಗೆ. ಅಂದರೆ ನಾಲಿಗೆ ಸರಿ ಎಂದದ್ದೆಲ್ಲ ಸರಿಯಲ್ಲ. ಎದುರು ಹಲ್ಲಿನ ಸವೆತದ ವಿಷಯದಲ್ಲಂತೂ ನನಗೆ ಗ್ಲೇಜ್ ಮೇಲೆ ಭರವಸೆಯಿಲ್ಲ. ತೆಳು ಪದರ ಜಗಿದಂತೆ ಸವೆದು, ಅಡಿಯಲ್ಲಿ ಮುಚ್ಚಿಟ್ಟಿದ್ದ ಒರಟು ಮೇಲೆ ಬಂದು ಎದುರಿನ ಎನಾಮಲ್ಲನ್ನು ಅರದಂತೆ ತಿನ್ನುತ್ತದೆ. ಚೆನ್ನಾಗಿ ಉಜ್ಜಿ ನಯಮಾಡಿದ ಜಿರ್ಕೋನಿಯಾ ಅಷ್ಟು ಗಟ್ಟಿಯಿದ್ದೂ ಎದುರು ಹಲ್ಲಿಗೆ ಮೃದು. ಗಟ್ಟಿ ಕ್ಯಾಪ್ ಎದುರು ಹಲ್ಲನ್ನು ತಿನ್ನುತ್ತದೆ ಎಂಬ ಹಳೆಯ ಹೆದರಿಕೆಗೆ ಕಾರಣ ಗಡಸುತನಕ್ಕಿಂತ ಒರಟುತನವೇ.

ಕ್ಯಾಪ್ ಕೂರಿಸುವ ದಿನ ವೈದ್ಯರು ನೀಲಿ ಕಾಗದ ಕಚ್ಚಿಸಿ, ಎತ್ತರವಾದ ಜಾಗವನ್ನು ಬರ್‌ನಿಂದ ಅರೆಯುತ್ತಾರೆ. ಲ್ಯಾಬಿನಿಂದ ಬಂದ ಹೊಳಪು ಆ ಕ್ಷಣಕ್ಕೆ ಹೋಯಿತು. ಅಲ್ಲಿ ಮತ್ತೆ ರಬ್ಬರ್ ಪಾಲಿಶರ್‌ಗಳಿಂದ ಒರಟಿನಿಂದ ನಯದವರೆಗೆ ಹಂತಹಂತವಾಗಿ ಉಜ್ಜಬೇಕು. ಕುರ್ಚಿಯಿಂದ ಏಳುವ ಮೊದಲು ‘ಅರೆದ ಜಾಗಕ್ಕೆ ಪಾಲಿಶ್ ಆಯಿತೇ ಡಾಕ್ಟ್ರೇ’ ಎಂದು ಕೇಳಿಬಿಡಿ.