ಉಪಗ್ರಹಗಳ ಹವ್ಯಾಸಿ ವೀಕ್ಷಣೆ

ಉಪಗ್ರಹಗಳ ಹವ್ಯಾಸಿ ವೀಕ್ಷಣೆ ಎಂದರೆ ಭೂಮಿಯನ್ನು ಸುತ್ತುವ ಕೃತಕ ಉಪಗ್ರಹಗಳನ್ನು ವೃತ್ತಿಪರರಲ್ಲದ ಆಸಕ್ತರು ಬರಿಗಣ್ಣು, ದುರ್ಬೀನು ಅಥವಾ ಕ್ಯಾಮೆರಾಗಳಿಂದ ಗಮನಿಸಿ, ಅವುಗಳ ಸ್ಥಾನ ಮತ್ತು ಕಾಲವನ್ನು ಅಳೆದು, ಕಕ್ಷೆಯನ್ನು ನಿರ್ಧರಿಸುವ ಹವ್ಯಾಸ. ಕೇವಲ ನೋಡಿ ಸಂತೋಷಪಡುವುದಕ್ಕೂ ಅಳತೆ ಮಾಡುವುದಕ್ಕೂ ವ್ಯತ್ಯಾಸವಿದೆ. ಅಳತೆ ಮಾಡಿದಾಗ ಮಾತ್ರ ಉಪಗ್ರಹವು ಹೇಳಿದ ಹಾದಿಯಲ್ಲಿಯೇ ಇದೆಯೇ, ಹಾದಿ ಬದಲಿಸಿದೆಯೇ ಎಂಬುದು ತಿಳಿಯುತ್ತದೆ. ಇಂದು ಈ ಕಾರ್ಯಕ್ಕೆ ಹೆಚ್ಚಾಗಿ ಮಂದಬೆಳಕಿನ ವಿಡಿಯೊ ಕ್ಯಾಮೆರಾಗಳು ಬಳಕೆಯಾಗುತ್ತವೆ. ಭಾರತದ ಉಪಗ್ರಹಗಳ ನಿಯಂತ್ರಣ ಕೇಂದ್ರವಿರುವ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೂ ಉಪಗ್ರಹ ವೀಕ್ಷಣೆಯ ಇತಿಹಾಸಕ್ಕೂ ನಿಕಟ ಸಂಬಂಧವಿದೆ.

ಇತಿಹಾಸ

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್-1ನ್ನು ಹಾರಿಸಿತು. ಅದಕ್ಕೂ ಮೊದಲೇ, 1956ರಲ್ಲಿ, ಅಮೆರಿಕದ ಸ್ಮಿತ್ಸೋನಿಯನ್ ಖಭೌತ ವೀಕ್ಷಣಾಲಯದ ಫ್ರೆಡ್ ವಿಪ್ಪಲ್ ಅವರು 'ಮೂನ್‌ವಾಚ್' ಎಂಬ ಯೋಜನೆಯನ್ನು ಆರಂಭಿಸಿದ್ದರು. ವಿದ್ಯಾರ್ಥಿಗಳು, ಶಿಕ್ಷಕರು, ಗೃಹಿಣಿಯರು ಮುಂತಾದ ಸಾಮಾನ್ಯ ಜನರು ಸಣ್ಣ ದೂರದರ್ಶಕಗಳನ್ನು ಸಾಲಾಗಿ ಇರಿಸಿಕೊಂಡು, ಉಪಗ್ರಹವು ಹಾದುಹೋದ ಕ್ಷಣವನ್ನು ಗುರುತಿಸುತ್ತಿದ್ದರು. ಈ ಯೋಜನೆಯು 1975ರವರೆಗೆ ನಡೆಯಿತು. ಇದೇ ಸಂಸ್ಥೆಯು ಸ್ಥಾಪಿಸಿದ ಬೇಕರ್-ನನ್ ಎಂಬ ದೊಡ್ಡ ಕ್ಯಾಮೆರಾಗಳಲ್ಲಿ ಒಂದು ಭಾರತದ ನೈನಿತಾಲ್‌ನಲ್ಲಿ ಕಾರ್ಯನಿರ್ವಹಿಸಿತು.

ಹವ್ಯಾಸಿಗಳ ಸಾಧನೆಗೆ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನ ಕೆಟರಿಂಗ್ ಗ್ರಾಮರ್ ಶಾಲೆ. ಅಲ್ಲಿನ ಭೌತಶಾಸ್ತ್ರದ ಶಿಕ್ಷಕ ಜೆಫ್ರಿ ಪೆರಿ ಮತ್ತು ಅವರ ವಿದ್ಯಾರ್ಥಿಗಳು 1966ರಲ್ಲಿ ಸೋವಿಯತ್ ಉಪಗ್ರಹಗಳ ರೇಡಿಯೊ ಸಂಕೇತಗಳನ್ನು ಆಲಿಸಿ, ಅವುಗಳ ಕಕ್ಷೆಯನ್ನು ಲೆಕ್ಕಹಾಕಿದರು. ಅದರಿಂದ, ಅಲ್ಲಿಯವರೆಗೆ ಪ್ರಕಟವಾಗದಿದ್ದ ಪ್ಲೆಸೆಟ್ಸ್ಕ್ ಉಡಾವಣಾ ಕೇಂದ್ರದ ಇರುವಿಕೆಯನ್ನು ಜಗತ್ತಿಗೆ ತಿಳಿಸಿದರು.

ಉಪಗ್ರಹ ಕಾಣುವುದು ಹೇಗೆ

ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ಅದು ಸೂರ್ಯನ ಬೆಳಕನ್ನು ಪ್ರತಿಫಲಿಸುವುದರಿಂದ ಮಾತ್ರ ಕಾಣುತ್ತದೆ. ಆದ್ದರಿಂದ ನೋಡುವವನು ಕತ್ತಲೆಯಲ್ಲಿಯೂ ಉಪಗ್ರಹವು ಬಿಸಿಲಿನಲ್ಲಿಯೂ ಇರಬೇಕು. ಸಂಜೆ ಮತ್ತು ಮುಂಜಾವಿನಲ್ಲಿ ಈ ಎರಡು ಸ್ಥಿತಿಗಳೂ ಒಟ್ಟಿಗೆ ಕೂಡಿಬರುತ್ತವೆ.

ಸೂರ್ಯ ಮುಳುಗಿದ ಮೇಲೆ ಭೂಮಿಯ ನೆರಳು ನೆತ್ತಿಯ ಕಡೆಗೆ ಏರುತ್ತಾ ಹೋಗುತ್ತದೆ. ಸೂರ್ಯನು ದಿಗಂತದಿಂದ 12 ಡಿಗ್ರಿ ಕೆಳಗಿದ್ದಾಗ ನೆತ್ತಿಯ ಮೇಲಿನ ನೆರಳಿನ ಎತ್ತರ ಸುಮಾರು 140 ಕಿ.ಮೀ.; 18 ಡಿಗ್ರಿ ಕೆಳಗಿದ್ದಾಗ ಸುಮಾರು 330 ಕಿ.ಮೀ.; 24 ಡಿಗ್ರಿ ಕೆಳಗಿದ್ದಾಗ ಸುಮಾರು 600 ಕಿ.ಮೀ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಸೂರ್ಯನು ಬಹುಮಟ್ಟಿಗೆ ನೇರವಾಗಿ ಕೆಳಗಿಳಿಯುವುದರಿಂದ ಕತ್ತಲೆ ಬೇಗ ಕವಿಯುತ್ತದೆ. 500 ಕಿ.ಮೀ. ಎತ್ತರದ ಉಪಗ್ರಹವೊಂದು ಸೂರ್ಯಾಸ್ತವಾದ ಸುಮಾರು ಒಂದೂವರೆ ಗಂಟೆಯ ಬಳಿಕ ನೆತ್ತಿಯ ಮೇಲೆ ಬಂದರೆ ಅದು ನೆರಳಿನಲ್ಲಿ ಮರೆಯಾಗಿರುತ್ತದೆ. ಉತ್ತರ ಯೂರೋಪಿನಲ್ಲಿ ಜೂನ್ ತಿಂಗಳಲ್ಲಿ ಇಂಥ ಉಪಗ್ರಹಗಳು ರಾತ್ರಿಯಿಡೀ ಕಾಣಬಲ್ಲವು. ಬೆಂಗಳೂರಿನ ವೀಕ್ಷಕನಿಗೆ ಸಿಗುವುದು ಸಂಜೆ ಮತ್ತು ಮುಂಜಾವಿನ ಕಿರಿದಾದ ಅವಧಿ ಮಾತ್ರ.

ಮಂದಬೆಳಕಿನ ಕ್ಯಾಮೆರಾ

ಮಂದಬೆಳಕಿನ ಕ್ಯಾಮೆರಾಗಳನ್ನು ಮೂಲತಃ ರಾತ್ರಿಯ ಕಾವಲಿಗಾಗಿ ತಯಾರಿಸಲಾಯಿತು. ಇವುಗಳ ಬೆಳಕು ಗ್ರಹಿಸುವ ಫಲಕವು ನಕ್ಷತ್ರಗಳ ಬೆಳಕಿನಷ್ಟು ಕ್ಷೀಣವಾದ ಬೆಳಕಿನಲ್ಲಿಯೂ ಚಲಿಸುವ ಚಿತ್ರವನ್ನು ದಾಖಲಿಸಬಲ್ಲದು. ಹವ್ಯಾಸಿಗಳು ಇದಕ್ಕೆ ದೊಡ್ಡ ದ್ವಾರದ 50 ಮಿ.ಮೀ. ಮಸೂರದಂಥ ಹಳೆಯ ಛಾಯಾಗ್ರಹಣ ಮಸೂರವನ್ನು ಜೋಡಿಸುತ್ತಾರೆ. ಅರ್ಧ ಅಂಗುಲದ ಫಲಕದೊಡನೆ ಇಂಥ ಮಸೂರವು ಆಕಾಶದ ಸುಮಾರು 7 ಡಿಗ್ರಿ ಅಗಲದ ಭಾಗವನ್ನು ತೋರಿಸುತ್ತದೆ.

500 ಕಿ.ಮೀ. ಎತ್ತರದ ಉಪಗ್ರಹದ ವೇಗ ಸೆಕೆಂಡಿಗೆ ಸುಮಾರು 7.6 ಕಿ.ಮೀ. ನೆತ್ತಿಯ ಮೇಲೆ ಹಾಯುವಾಗ ಅದು ಸೆಕೆಂಡಿಗೆ ಸುಮಾರು 0.9 ಡಿಗ್ರಿಯಷ್ಟು, ಎಂದರೆ ಹುಣ್ಣಿಮೆಯ ಚಂದ್ರನ ಅಗಲದ ಹೆಚ್ಚುಕಡಿಮೆ ಎರಡರಷ್ಟು, ಸರಿಯುತ್ತದೆ. ಕ್ಯಾಮೆರಾದ ನೋಟವನ್ನು ದಾಟಲು ಅದಕ್ಕೆ ಎಂಟು ಸೆಕೆಂಡು ಸಾಕು. ಸೆಕೆಂಡಿಗೆ 25 ಚಿತ್ರಗಳಂತೆ ಈ ಅವಧಿಯಲ್ಲಿ ಸುಮಾರು 200 ಚಿತ್ರಗಳು ದೊರೆಯುತ್ತವೆ.

ಅಳತೆಯ ಕ್ರಮ

ಅಳತೆಗೆ ಮೂರು ಸಂಗತಿಗಳು ಅಗತ್ಯ: ವೀಕ್ಷಕನ ನಿಖರವಾದ ಸ್ಥಳ, ನಿಖರವಾದ ಕಾಲ, ಮತ್ತು ಆ ಕಾಲದಲ್ಲಿ ಉಪಗ್ರಹವು ನಕ್ಷತ್ರಗಳ ನಡುವೆ ಇದ್ದ ಸ್ಥಾನ.

ಇವುಗಳಲ್ಲಿ ತಪ್ಪಾಗುವ ಸಂಭವ ಹೆಚ್ಚಾಗಿರುವುದು ಕಾಲದಲ್ಲಿ. ಗಡಿಯಾರವು ಒಂದು ಸೆಕೆಂಡು ತಪ್ಪಿದರೆ ಉಪಗ್ರಹದ ಸ್ಥಾನವು 7.6 ಕಿ.ಮೀ. ತಪ್ಪುತ್ತದೆ. ಕೈಯಿಂದ ಒತ್ತುವ ನಿಲುಗಡಿಯಾರದಲ್ಲಿ ಐದನೆಯ ಒಂದು ಸೆಕೆಂಡು ವಿಳಂಬವಾದರೂ ಒಂದೂವರೆ ಕಿಲೊಮೀಟರಿನ ವ್ಯತ್ಯಾಸ ಉಂಟಾಗುತ್ತದೆ. ಆದ್ದರಿಂದ ಜಿಪಿಎಸ್ ಉಪಗ್ರಹಗಳಿಂದ ಕಾಲವನ್ನು ಪಡೆದು ಪ್ರತಿಯೊಂದು ಚಿತ್ರದ ಮೇಲೂ ಮುದ್ರಿಸುವ ಸಾಧನವನ್ನು ಕ್ಯಾಮೆರಾಕ್ಕೆ ಜೋಡಿಸಲಾಗುತ್ತದೆ.

ಅನಂತರ ಚಿತ್ರದಲ್ಲಿರುವ ನಕ್ಷತ್ರಗಳನ್ನು ಗುರುತಿಸಿ, ಅವುಗಳ ತಿಳಿದ ಸ್ಥಾನಗಳ ನೆರವಿನಿಂದ ಉಪಗ್ರಹದ ಸ್ಥಾನವನ್ನು ಲೆಕ್ಕಹಾಕಲಾಗುತ್ತದೆ. ಇಂಥ ಅಳತೆಗಳನ್ನು ಬೇರೆ ಬೇರೆ ದಿನಗಳಲ್ಲಿ, ಸಾಧ್ಯವಾದರೆ ಬೇರೆ ಬೇರೆ ಊರುಗಳಿಂದ ಪಡೆದು ಒಟ್ಟುಗೂಡಿಸಿದಾಗ ಕಕ್ಷೆ ದೊರೆಯುತ್ತದೆ. ಕಕ್ಷೆಯನ್ನು ತಲಾ 69 ಅಕ್ಷರಸ್ಥಾನಗಳ ಎರಡು ಸಾಲುಗಳಲ್ಲಿ ಬರೆಯುವ ಪದ್ಧತಿಯು ಬಹುಕಾಲದಿಂದ ರೂಢಿಯಲ್ಲಿದೆ. ಹೆಚ್ಚಿನ ಉಪಗ್ರಹಗಳ ಈ ಸಾಲುಗಳನ್ನು ಅಮೆರಿಕದ ಸೇನೆಯು ಪ್ರಕಟಿಸುತ್ತದೆ; ತನ್ನ ರಹಸ್ಯ ಉಪಗ್ರಹಗಳದನ್ನು ಪ್ರಕಟಿಸುವುದಿಲ್ಲ. ಹವ್ಯಾಸಿಗಳು ಅಂಥವುಗಳ ಪಟ್ಟಿಯನ್ನು ತಾವೇ ಸಿದ್ಧಪಡಿಸುತ್ತಾರೆ. ಉಪಗ್ರಹವು ನಿರೀಕ್ಷಿತ ಕಾಲಕ್ಕಿಂತ ಕೆಲವು ಸೆಕೆಂಡು ಮೊದಲೇ ಬಂದರೆ ಅದರ ಕಕ್ಷೆ ತಗ್ಗಿದೆ ಎಂದು ಅರ್ಥ. ವಾಯುಮಂಡಲದ ತಡೆಯಿಂದ ಅಥವಾ ಎಂಜಿನ್‌ನ ಬಳಕೆಯಿಂದ ಹೀಗಾಗಬಹುದು.

ಭೂಸ್ಥಿರ ಉಪಗ್ರಹಗಳ ವೀಕ್ಷಣೆ ಇದಕ್ಕಿಂತ ಭಿನ್ನವಾದುದು. ಬೆಂಗಳೂರಿನಿಂದ ನೋಡಿದಾಗ ಇವುಗಳ ಸಾಲು ನೆತ್ತಿಯಿಂದ ಸುಮಾರು 15 ಡಿಗ್ರಿ ದಕ್ಷಿಣಕ್ಕೆ, ಬಲು ಎತ್ತರದಲ್ಲಿ ಹಾದುಹೋಗುತ್ತದೆ. ಕ್ಯಾಮೆರಾವನ್ನು ಅಲುಗಿಸದೆ ದೀರ್ಘಕಾಲ ತೆರೆದಿಟ್ಟರೆ ನಕ್ಷತ್ರಗಳು ಗೆರೆಗಳಾಗಿಯೂ ಭೂಸ್ಥಿರ ಉಪಗ್ರಹಗಳು ಚುಕ್ಕೆಗಳಾಗಿಯೂ ಮೂಡುತ್ತವೆ.

ಪೀಣ್ಯ ಮತ್ತು ಉಪಗ್ರಹಗಳು

ಭಾರತದ ಮೊದಲ ಉಪಗ್ರಹ ಆರ್ಯಭಟವು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಸಿದ್ಧವಾಯಿತು. ಉಡುಪಿ ಬಳಿಯ ಅದಮಾರಿನವರಾದ ವಿಜ್ಞಾನಿ ಯು. ಆರ್. ರಾವ್ ಅವರು ಈ ಕಾರ್ಯದ ನೇತೃತ್ವ ವಹಿಸಿದ್ದರು. ಸುಮಾರು 360 ಕಿ.ಗ್ರಾಂ. ತೂಕದ ಈ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ ಕಕ್ಷೆ ಸೇರಿತು. ಸ್ಥಳದ ಅಭಾವದಿಂದಾಗಿ ಬೆಂಗಳೂರಿನಲ್ಲಿ ಶೌಚಾಲಯವೊಂದನ್ನೇ ಅದರ ಮಾಹಿತಿ ಸ್ವೀಕರಿಸುವ ಕೊಠಡಿಯನ್ನಾಗಿ ಮಾರ್ಪಡಿಸಲಾಗಿತ್ತು. ವಿದ್ಯುತ್ ವ್ಯವಸ್ಥೆಯ ದೋಷದಿಂದ ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತರೂ ಆರ್ಯಭಟವು 1992ರ ಫೆಬ್ರವರಿಯಲ್ಲಿ ವಾಯುಮಂಡಲವನ್ನು ಹೊಕ್ಕು ನಾಶವಾಗುವವರೆಗೆ ಭೂಮಿಯನ್ನು ಸುತ್ತುತ್ತಲೇ ಇತ್ತು.

ಆರ್ಯಭಟ ನಿರ್ಮಾಣವಾದ ಸ್ಥಳದಲ್ಲಿ ಈಗ ಇಸ್ರೊದ ವಿದ್ಯುತ್-ದೃಗ್ ವ್ಯವಸ್ಥೆಗಳ ಪ್ರಯೋಗಾಲಯವಿದೆ. ಇಲ್ಲಿ ಉಪಗ್ರಹಗಳಿಗೆ ಬೇಕಾದ ನಕ್ಷತ್ರ ಸಂವೇದಕಗಳು ತಯಾರಾಗುತ್ತವೆ. ಇವು ನಕ್ಷತ್ರಗಳ ಚಿತ್ರ ತೆಗೆದು, ಉಪಗ್ರಹವು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಕಂಡುಕೊಳ್ಳುತ್ತವೆ. ನೆಲದ ಮೇಲಿನ ಹವ್ಯಾಸಿಯು ಉಪಗ್ರಹದ ಸ್ಥಾನವನ್ನು ಕಂಡುಕೊಳ್ಳುವುದೂ ಇದೇ ನಕ್ಷತ್ರಗಳ ನೆರವಿನಿಂದಲೇ.

ಇಸ್ರೊದ ದೂರಮಾಪನ, ಜಾಡು ಮತ್ತು ಆದೇಶ ಜಾಲದ ಕೇಂದ್ರವಾದ ಇಸ್ಟ್ರಾಕ್ ಸಹ ಪೀಣ್ಯದಲ್ಲಿದೆ. 2014ರ ಮಂಗಳಯಾನ ಹಾಗೂ 2023ರ ಚಂದ್ರಯಾನ-3 ನೌಕೆಗಳ ನಿಯಂತ್ರಣ ಇಲ್ಲಿಂದಲೇ ನಡೆಯಿತು. ಬಾಹ್ಯಾಕಾಶದ ಅವಶೇಷಗಳ ಮೇಲೆ ಕಣ್ಣಿಡುವ 'ನೇತ್ರ' ಯೋಜನೆಯ ನಿಯಂತ್ರಣ ಕೇಂದ್ರವು 2020ರ ಡಿಸೆಂಬರ್‌ನಲ್ಲಿ ಪೀಣ್ಯದಲ್ಲಿ ಆರಂಭವಾಯಿತು. ಇಂಥ ಕೇಂದ್ರಗಳು ರೇಡಾರ್ ಮತ್ತು ರೇಡಿಯೊ ಸಂಕೇತಗಳನ್ನು ಅವಲಂಬಿಸುವುದರಿಂದ ಮೋಡ, ಹಗಲುಗಳ ಅಡ್ಡಿ ಅವುಗಳಿಗಿಲ್ಲ. ಹವ್ಯಾಸಿಗಳಿಗೆ ಆ ಅನುಕೂಲವಿಲ್ಲ.

ಮೈಕ್ರೋಸ್ಯಾಟ್-ಆರ್ ಪ್ರಕರಣ

2019ರ ಮಾರ್ಚ್ 27ರಂದು ಭಾರತವು 'ಮಿಷನ್ ಶಕ್ತಿ' ಹೆಸರಿನ ಪರೀಕ್ಷೆಯಲ್ಲಿ ತನ್ನದೇ ಉಪಗ್ರಹವಾದ ಮೈಕ್ರೋಸ್ಯಾಟ್-ಆರ್ ಅನ್ನು ಕ್ಷಿಪಣಿಯಿಂದ ಹೊಡೆದುರುಳಿಸಿತು. ಎತ್ತರವು 300 ಕಿ.ಮೀ.ಗಿಂತ ಕಡಿಮೆಯಿದ್ದುದರಿಂದ ಚೂರುಗಳು ಕೆಲವೇ ವಾರಗಳಲ್ಲಿ ಭೂಮಿಗೆ ಬೀಳುವುವೆಂದು ಸರ್ಕಾರವು ತಿಳಿಸಿತು. ಅಮೆರಿಕದ ನಾಸಾ ಸಂಸ್ಥೆಯ ಅಂದಿನ ಮುಖ್ಯಸ್ಥರು, ಸುಮಾರು 400 ಚೂರುಗಳು ಉಂಟಾಗಿವೆಯೆಂದೂ ಅವುಗಳಲ್ಲಿ 24 ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕಿಂತ ಎತ್ತರಕ್ಕೆ ಹೋಗುತ್ತಿವೆಯೆಂದೂ ಹೇಳಿದರು.

ನೆದರ್ಲೆಂಡ್ಸ್‌ನ ಉಪಗ್ರಹ ವೀಕ್ಷಕ ಮಾರ್ಕೊ ಲ್ಯಾಂಗ್‌ಬ್ರೂಕ್ ಅವರು ಡಿಆರ್‌ಡಿಒ ಬಿಡುಗಡೆ ಮಾಡಿದ ವಿಡಿಯೊದಲ್ಲಿ ಕಾಣುತ್ತಿದ್ದ ಅಂಕಿಗಳನ್ನು ವಿಶ್ಲೇಷಿಸಿ, ಕ್ಷಿಪಣಿಯು ಉಪಗ್ರಹಕ್ಕೆ ಮೇಲ್ಮುಖವಾಗಿ ಬಡಿಯಿತೆಂಬ ನಿರ್ಣಯಕ್ಕೆ ಬಂದರು. ಬಹುತೇಕ ಚೂರುಗಳು ಬೇಗ ಬಿದ್ದುಹೋದವು. ಕೆಲವು ಮಾತ್ರ ಒಂದು ವರ್ಷಕ್ಕಿಂತಲೂ ಹೆಚ್ಚು ಕಾಲ ಕಕ್ಷೆಯಲ್ಲಿ ಉಳಿದವು. ಕಕ್ಷೆಯ ಮಾಹಿತಿಯು ಸಾರ್ವಜನಿಕರಿಗೆ ದೊರೆತಾಗ ಸರ್ಕಾರಗಳ ಹೇಳಿಕೆಗಳನ್ನು ಲೆಕ್ಕದಿಂದ ಪರಿಶೀಲಿಸಬಹುದು ಎಂಬುದಕ್ಕೆ ಇದು ನಿದರ್ಶನ. ರಹಸ್ಯ ಉಪಗ್ರಹಗಳ ಹಾದಿಯನ್ನು ಪ್ರಕಟಿಸುವುದು ರಕ್ಷಣೆಯ ದೃಷ್ಟಿಯಿಂದ ಸೂಕ್ತವಲ್ಲವೆಂಬ ಆಕ್ಷೇಪವೂ ಉಂಟು. ಸಾಧಾರಣ ಉಪಕರಣಗಳಿಗೆ ಕಾಣುವುದು ಯಾವುದೇ ದೇಶದ ಸೇನೆಗೂ ಕಾಣುತ್ತದೆ ಎಂಬುದು ಹವ್ಯಾಸಿಗಳ ಉತ್ತರ.

ನಗರದ ಬೆಳಕು ಮತ್ತು ವೀಕ್ಷಣೆ

ಪೀಣ್ಯ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಕಾರ್ಖಾನೆ, ಕಚೇರಿ ಹಾಗೂ ಬೀದಿದೀಪಗಳ ಬೆಳಕು ಧೂಳಿನಲ್ಲಿ ಚೆದುರಿ ಆಕಾಶವನ್ನು ಬೆಳಗಿಸುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಇಲ್ಲಿಯೂ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಮಂದವಾದ ಉಪಗ್ರಹಗಳು ಕಾಣುವುದಿಲ್ಲ. ಕ್ಯಾಮೆರಾದ ಸೂಕ್ಷ್ಮತೆಯನ್ನು ಹೆಚ್ಚಿಸಿದರೆ ಉಪಗ್ರಹದೊಡನೆ ಆಕಾಶದ ಹೊಳಪೂ ಹೆಚ್ಚುವುದರಿಂದ ಪ್ರಯೋಜನವಾಗುವುದಿಲ್ಲ. ಕಿರಿದಾದ ನೋಟದ ಉದ್ದ ಮಸೂರ ಬಳಸುವುದು ಒಂದು ಉಪಾಯ. ಊರಿನಿಂದ ದೂರ ಹೋಗುವುದು ಇನ್ನೊಂದು. ನೈಋತ್ಯ ಮತ್ತು ಈಶಾನ್ಯ ಮುಂಗಾರುಗಳ ಮೋಡ ಕಳೆದ ಬಳಿಕ, ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲವು ವೀಕ್ಷಣೆಗೆ ಉತ್ತಮವಾದುದು.

1976ರಲ್ಲಿ ಆರಂಭವಾದ ಬೆಂಗಳೂರು ಹವ್ಯಾಸಿ ಖಗೋಳಜ್ಞರ ಸಂಘ ಮತ್ತು 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರು ತಾರಾಲಯ ನಗರದಲ್ಲಿ ಆಕಾಶವೀಕ್ಷಣೆಯ ಆಸಕ್ತಿಯನ್ನು ಬೆಳೆಸಿವೆ. ಹೊಸಬರು ಕ್ಯಾಮೆರಾ ಕೊಳ್ಳಬೇಕಾಗಿಲ್ಲ. ಬಾಹ್ಯಾಕಾಶ ನಿಲ್ದಾಣವು ಹಾಯುವ ವೇಳೆಯನ್ನು ಮೊದಲೇ ತಿಳಿದುಕೊಂಡು, ಅದು ಯಾವುದಾದರೊಂದು ಪ್ರಕಾಶಮಾನ ನಕ್ಷತ್ರದ ಬಳಿ ಬಂದ ಕ್ಷಣವನ್ನು ಬರೆದಿಟ್ಟು, ಲೆಕ್ಕದೊಡನೆ ಹೋಲಿಸಿದರೆ ಅದೇ ಮೊದಲ ಅಳತೆಯಾಗುತ್ತದೆ.